ಮೋಟಾರು ಎಂಜಿನ್ನಿನ ಆವಿಕವಾಟ: ಪರೀಕ್ಷೆ ಮತ್ತು ಬದಲಾವಣೆ

ತೋಟಕ್ಕೂ ಊರಿಗೂ ನಡುವೆ ದಿನವೂ ಎರಡು ಮೂರು ಮೈಲಿ ಮಾತ್ರ ಓಡುವ ಪೆಟ್ರೋಲ್ ಜೀಪಿನ ಎಂಜಿನ್ನು, ದೂರದೂರ ಸಂಚರಿಸುವ ಗಾಡಿಯ ಎಂಜಿನ್ನಿಗಿಂತ ಬೇಗನೆ ಕೆಡುವುದುಂಟು. ಮಾಲೀಕರು ಡ್ರೈವರನನ್ನೋ ಎಣ್ಣೆಯನ್ನೋ ದೂರುವರು. ಹೆಬ್ಬೆರಳಿನಷ್ಟು ಗಾತ್ರದ ಒಂದು ಕವಾಟದ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ಮೆಕ್ಯಾನಿಕರು ಇದನ್ನು ಪಿ.ಸಿ.ವಿ. ವಾಲ್ವು ಎನ್ನುತ್ತಾರೆ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಹೊಗೆಯಲ್ಲಿ ಸ್ವಲ್ಪ ಭಾಗವು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಕ್ಕೆ ನುಸುಳಿ, ಎಣ್ಣೆಯಿರುವ ಕ್ರ್ಯಾಂಕ್ ಪೆಟ್ಟಿಗೆಯನ್ನು ಸೇರುತ್ತದೆ. ಒಂದು ಲೀಟರು ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುವುದೆಂದರೆ ಅನೇಕರು ನಂಬಲಾರರು. ಆದರೂ ಅದು ನಿಜ. ಈ ನೀರಾವಿಯೂ ಉರಿಯದ ಪೆಟ್ರೋಲೂ ಆಮ್ಲಗಳೂ ಹೊರಬೀಳದೆ ಎಣ್ಣೆಯಲ್ಲಿ ಬೆರೆತರೆ, ಎಣ್ಣೆಯು ಕಪ್ಪು ರಾಡಿಯಾಗಿ ಬೇರಿಂಗುಗಳನ್ನು ತಿನ್ನುತ್ತದೆ. ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸುವ ಗಾಡಿಗಳಲ್ಲಿ ಈ ಬಾಧೆ ಹೆಚ್ಚು.

ಹಿಂದಿನ ಕಾಲದಲ್ಲಿ ಈ ಆವಿಯನ್ನು ಒಂದು ಕೊಳವೆಯ ಮೂಲಕ ರಸ್ತೆಯ ಮೇಲೆಯೇ ಬಿಡುತ್ತಿದ್ದರು. ವಾಯುವು ಕೆಡುವುದೆಂದು ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಕಾರುಗಳಿಗೆ ಈ ಕವಾಟವನ್ನು ಅಳವಡಿಸಲಾಯಿತು. ಇದು ಆವಿಯನ್ನು ಎಂಜಿನ್ನಿನ ಇನ್‌ಟೇಕ್ ಕೊಳವೆಗೆ ಹಿಂದಿರುಗಿಸಿ ಮತ್ತೆ ಉರಿಯುವಂತೆ ಮಾಡುತ್ತದೆ. ಒಳಗೆ ಸ್ಪ್ರಿಂಗಿಗೆ ಆತುಕೊಂಡ ಸಣ್ಣ ಗುಂಡಿಯೊಂದಿರುವುದು. ಎಂಜಿನ್ನು ನಿಂತಲ್ಲೇ ಮೆಲ್ಲಗೆ ಓಡುವಾಗ ಸೆಳೆತ ಬಲವಾಗಿ, ದಾರಿ ಕಿರಿದಾಗುತ್ತದೆ. ಭಾರ ಬಿದ್ದಾಗ ಸೆಳೆತ ತಗ್ಗಿ, ಸ್ಪ್ರಿಂಗು ದಾರಿಯನ್ನು ಅಗಲಿಸುತ್ತದೆ.

ಕವಾಟವು ಸಾಮಾನ್ಯವಾಗಿ ಎಂಜಿನ್ನಿನ ಮೇಲ್ಮುಚ್ಚಳದಲ್ಲಿ ರಬ್ಬರ್ ಬಳೆಯೊಂದರೊಳಗೆ ಕೂತಿರುತ್ತದೆ. ಇನ್‌ಟೇಕ್ ಕೊಳವೆಯಿಂದ ಹೊರಟ ರಬ್ಬರ್ ನಳಿಗೆಯನ್ನು ಹಿಡಿದು ಹೋದರೆ ಸಿಕ್ಕುವುದು. ಈಚಿನ ಕೆಲವು ಕಾರುಗಳಲ್ಲಿ ಇದು ಮುಚ್ಚಳದೊಳಗೇ ಅಡಕವಾಗಿದೆ. ಅವುಗಳನ್ನು ವರ್ಕ್‌ಷಾಪಿಗೇ ಒಯ್ಯತಕ್ಕದ್ದು.

ಕವಾಟವು ಮುಚ್ಚಿಕೊಂಡಿದ್ದರೆ ಒಳಗೆ ಒತ್ತಡ ಏರಿ ಎಣ್ಣೆಯು ಸೀಲುಗಳಿಂದ ಜಿನುಗುವುದು, ಏರ್ ಫಿಲ್ಟರಿಗೂ ಹತ್ತುವುದು. ತೆರೆದೇ ನಿಂತಿದ್ದರೆ ನಿಂತಲ್ಲಿನ ಓಟ ಏರುಪೇರಾಗುವುದು. ಪರೀಕ್ಷೆಗೆ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯ. ಗೇರನ್ನು ನ್ಯೂಟ್ರಲಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು, ಶಲ್ಯವನ್ನು ತೆಗೆದಿಡಬೇಕು. ಫ್ಯಾನಿಗೆ ಸಿಕ್ಕಿದರೆ ಕುತ್ತಿಗೆಗೇ ಬರುವುದು. ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ ಕವಾಟವನ್ನು ನಳಿಗೆಯ ಸಮೇತ ಬಳೆಯಿಂದ ಕಿತ್ತು ಅದರ ಬಾಯಿಗೆ ಬೆರಳಿಟ್ಟರೆ ಸೆಳೆತ ತಿಳಿಯಬೇಕು. ತಿಳಿಯದಿದ್ದರೆ ಕವಾಟವನ್ನು ಕಳಚಿ ನಳಿಗೆಯ ಬಾಯಿಗೇ ಬೆರಳಿಡತಕ್ಕದ್ದು. ಅಲ್ಲಿ ಸೆಳೆತವಿದ್ದರೆ ದೋಷ ಕವಾಟದ್ದು. ಅಲ್ಲಿಯೂ ಇಲ್ಲದಿದ್ದರೆ ನಳಿಗೆ ಕಟ್ಟಿದೆ ಅಥವಾ ಸೀಳಿದೆ. ಬಳಿಕ ಎಂಜಿನ್ ನಿಲ್ಲಿಸಿ ಕವಾಟವನ್ನು ಕಿವಿಯ ಬಳಿ ಅಲುಗಿಸಿದರೆ ಗುಂಡಿ ಟಕಟಕನೆ ಸದ್ದು ಮಾಡಬೇಕು. ಸದ್ದಾದ ಮಾತ್ರಕ್ಕೆ ಕವಾಟ ನಿರ್ದೋಷವೆನ್ನಲಾಗದು. ಸ್ಪ್ರಿಂಗು ಸೋತಿದ್ದರೂ ಸದ್ದು ಬರುವುದು.

ಹೊಸದನ್ನು ಕೊಳ್ಳುವಾಗ ಆ ಮಾದರಿಯ ಗಾಡಿಗೆ ಹೇಳಿದ ಕವಾಟವನ್ನೇ ಕೇಳಬೇಕು. ಹೊರನೋಟಕ್ಕೆ ಒಂದೇ ಎಂದು ಬೇರೆ ಗಾಡಿಯದನ್ನು ತೊಡಿಸಕೂಡದು. ಒಳಗಿನ ರಂಧ್ರದ ಅಳತೆಯು ಆಯಾ ಎಂಜಿನ್ನಿಗೆ ಹೊಂದಿಸಿದ್ದು. ಗಡುಸಾದ ಬಳೆಯನ್ನೂ ಬಿರುಕುಬಿಟ್ಟ ನಳಿಗೆಯನ್ನೂ ಅದೇ ವೇಳೆಗೆ ಬದಲಾಯಿಸಿ, ತಲೆಕೆಳಗಾಗದಂತೆ ಕೂರಿಸಿದರೆ ಕೆಲಸ ಮುಗಿಯಿತು. ರಾಡಿಯಾದ ಎಣ್ಣೆಯನ್ನು ಮಾತ್ರ ಉಳಿಸಿಕೊಳ್ಳಬಾರದು. ಹೊಸ ಕವಾಟ ಹಾಕಿದ ಮೇಲೂ ಎಣ್ಣೆ ಸುರಿಸುವ ಮೂತಿಯಿಂದ ಹೊಗೆ ರಭಸವಾಗಿ ಬರುತ್ತಿದ್ದರೆ ರಿಂಗುಗಳು ಸವೆದಿರುವ ಸಂಭವ ಹೆಚ್ಚು.

ಹೊಲದ ಡೀಸೆಲ್ ಪಂಪುಗಳಲ್ಲಿಯೂ ಹಳೆಯ ಟ್ರ್ಯಾಕ್ಟರುಗಳಲ್ಲಿಯೂ ಇಂಥ ಕವಾಟವನ್ನು ಹುಡುಕುವುದು ವ್ಯರ್ಥ. ಅವುಗಳಿಗೆ ಸಾಮಾನ್ಯವಾಗಿ ಬರಿಯ ಉಸಿರುಕೊಳವೆ ಇರುತ್ತದೆ. ಅದರ ಬಾಯಿಗೆ ಧೂಳು, ಹೊಟ್ಟು ಮೆತ್ತದಂತೆ ಸುಗ್ಗಿಗೆ ಮೊದಲೊಮ್ಮೆ ನೋಡಿದರೆ ಸಾಕು.