ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದೇ?

ಟ್ಯಾಲಿ, ಎಕ್ಸೆಲ್ ಮನೆಯಲ್ಲೇ ಕಲಿಯಬೇಕೆಂದು ನಮ್ಮ ಕಾಮರ್ಸ್ ವಿಭಾಗದ ಹಲವರು ಹಳೇ ಲ್ಯಾಪ್‌ಟಾಪ್ ಹುಡುಕುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬ. ನನ್ನ ಬಜೆಟ್ 18,000 ರೂಪಾಯಿ. ರಂಜಾನ್ ಸೀಸನ್ನಿನಲ್ಲಿ ಅಬ್ಬಾ ರಾತ್ರಿಯೆಲ್ಲ ಬಟ್ಟೆ ಹೊಲಿದು ಉಳಿಸಿದ ದುಡ್ಡು ಅದು. ಆಪಾಳ ಬಿ.ಕಾಂ. ಫೀಸಿಗೂ ಅದರಲ್ಲೇ ಸ್ವಲ್ಪ ಮಿಗಬೇಕು. ಹಾಗಾಗಿ ನಾಲ್ಕು ಅಂಗಡಿ ಸುತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಅವು ಅಗ್ಗವಾಗಲು ಒಂದು ಕಾರಣ ನಮ್ಮ ಅಕೌಂಟೆನ್ಸಿಯ ಸವಕಳಿ ಪಾಠದಲ್ಲೇ ಇದೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಶೇ. 40 ಸವಕಳಿ. 80,000 ರೂಪಾಯಿಯ ಲ್ಯಾಪ್‌ಟಾಪ್ ನಾಲ್ಕು ವರ್ಷಕ್ಕೆ ಪುಸ್ತಕದಲ್ಲಿ 10,368 ರೂಪಾಯಿಗೆ ಇಳಿಯುತ್ತದೆ. ಯಂತ್ರ ಮಾತ್ರ ಅಷ್ಟು ಸವೆದಿರುವುದಿಲ್ಲ. ನಮಗೆ ಲಾಭ ಇರುವುದು ಅಲ್ಲೇ.

ಹಾಗಂತ ಎಲ್ಲ ಹಳೇ ಮಾಲೂ ಒಂದೇ ಅಲ್ಲ. ಲೆನೊವೊದ ಥಿಂಕ್‌ಪ್ಯಾಡ್ ಟಿ470 ಮತ್ತು ಟಿ480 ಪಕ್ಕಪಕ್ಕ ಇಟ್ಟರೆ ಅವಳಿಗಳಂತೆ ಕಾಣುತ್ತವೆ. ಮೊದಲನೆಯದು 2017ರದ್ದು, ಎರಡನೆಯದು 2018ರದ್ದು. ಒಂದು ವರ್ಷದಲ್ಲಿ ಏನು ಮಹಾ ಎನ್ನಬೇಡಿ. ಟಿ470ರಲ್ಲಿ ಇಂಟೆಲ್‌ನ ಆರನೇ ಅಥವಾ ಏಳನೇ ಜನರೇಷನ್ ಪ್ರೊಸೆಸರ್, ಎರಡೇ ಕೋರ್. ಟಿ480ರಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್, ನಾಲ್ಕು ಕೋರ್. ವಿಂಡೋಸ್ 10ರ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ, ಬೆರಳೆಣಿಕೆಯ ಮಾದರಿಗಳನ್ನು ಬಿಟ್ಟು, ಎಂಟನೇ ಜನರೇಷನ್ ಅಥವಾ ಅದರ ನಂತರದ್ದೇ ಬೇಕು. ಅಂಗಡಿಯವರು ಏಳನೇ ಜನರೇಷನ್ನಿಗೂ ಹೇಗೋ ವಿಂಡೋಸ್ 11 ಹಾಕಿ ಕೊಡುತ್ತಾರೆ. ಚೆನ್ನಾಗಿಯೇ ಓಡುತ್ತದೆ, ಆದರೆ ಮುಂದೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ. ಮೇಲಿನ ಸ್ಟಿಕ್ಕರ್ ನಂಬದೆ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಹೆಸರು ನೋಡಿ. ಟಿ480ರಲ್ಲಿ ಐ5 ನಂತರದ ಸಂಖ್ಯೆ 8250 ಅಥವಾ 8350 ಎಂದು 8ರಿಂದ ಶುರುವಾಗಿರಬೇಕು. ಲಿನಕ್ಸ್ ಹಾಕಿಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಸೈನ್ಸ್‌ನವರಿಗೆ ಸರಿ, ಆದರೆ ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ್ದು.

ಅಬ್ಬಾ ಕೇಳಿದ್ದು ಒಂದೇ: “ಕೆಟ್ಟರೆ ಸಾಮಾನು ಸಿಗುತ್ತಾ ಬೇಟಾ?” ಅವರ ಹೊಲಿಗೆ ಯಂತ್ರ ನನಗಿಂತ ದೊಡ್ಡದು, ಇನ್ನೂ ಓಡುತ್ತಿದೆ. ಅಂಗಡಿಯವರ ಮಾತಿಗಿಂತ ಈ ಪ್ರಶ್ನೆಯೇ ನನಗೆ ಮುಖ್ಯವೆನಿಸಿತು. ಟಿ480ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಎಸ್‌ಎಸ್‌ಡಿ ಬದಲಿಸಬಹುದು. ಹಿಂದಿನ ಬ್ಯಾಟರಿಯನ್ನು ಸ್ಕ್ರೂ ಬಿಚ್ಚದೆ ಕೈಯಲ್ಲೇ ತೆಗೆಯಬಹುದು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಸ್ಕ್ರೀನ್, ಕೀಬೋರ್ಡ್ ಎಲ್ಲರೂ ನೋಡುತ್ತಾರೆ. ಬ್ಯಾಟರಿ ರಿಪೋರ್ಟ್ ತೆಗೆಸುವವರು ಕಡಿಮೆ. ಹೊಸದರಲ್ಲಿ ಎಷ್ಟು ಸಾಮರ್ಥ್ಯವಿತ್ತು, ಈಗ ಎಷ್ಟು ತುಂಬುತ್ತದೆ ಎಂಬ ಎರಡೂ ಸಂಖ್ಯೆ ಅದರಲ್ಲಿರುತ್ತವೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿಯ ಬೆಲೆ ಕಳೆದು ಕೇಳಿ. ಟಿ480ರಲ್ಲಿ ಎರಡು ಬ್ಯಾಟರಿ ಇರುವುದರಿಂದ ಎರಡನ್ನೂ ನೋಡಿ.

ಕೊನೆಗೆ ದುಡ್ಡು ಎಣಿಸುವ ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ಲೆನೊವೊ ಹೆಸರು ಕಾಣುವಾಗ ಎಫ್1 ಒತ್ತಿ. ಪಾಸ್‌ವರ್ಡ್ ಕೇಳಿದರೆ ಅದು ಹಳೇ ಕಂಪನಿ ಹಾಕಿದ ಬೀಗ. ಅದನ್ನು ತೆಗೆಸಲು ಮದರ್‌ಬೋರ್ಡನ್ನೇ ಬದಲಿಸಬೇಕಾಗಬಹುದು, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.