ಅಡಿಕೆ ಕಾಟಾದ ಮೇಲೆ ನಿಂತ ಹುಡುಗಿ

ಈ ಬಾರಿ ನಾವು ಬರೆಯುತ್ತಿರುವುದು ಅಡಿಕೆ ಧಾರಣೆಯನ್ನು ಕುರಿತಲ್ಲ, ಮೈಲುತುತ್ತದ ಸರಬರಾಜನ್ನು ಕುರಿತೂ ಅಲ್ಲ. ಸದಸ್ಯ ಬಂಧುಗಳು ಕ್ಷಮಿಸಬೇಕು. ಆದರೂ ಈ ವಿಷಯಕ್ಕೂ ನಮ್ಮ ಸಂಘಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಇದು ಶುರುವಾದದ್ದೇ ಗೋದಾಮಿನ ಬಾಗಿಲ ಬಳಿ ಇರುವ ನಮ್ಮ ಕಾಟಾದ ಮೇಲೆ.

ಹೊರಕೆರೆದೇವಪುರದ ನಮ್ಮ ಸದಸ್ಯರೊಬ್ಬರಿಗೆ ಎರಡು ಎಕರೆ ಅಡಿಕೆ ತೋಟ, ಬೇಸಿಗೆಯಲ್ಲಿ ಕೈಕೊಡುವ ಒಂದು ಕೊಳವೆಬಾವಿ, ಹದಿನಾರು ವರ್ಷದ ಒಬ್ಬಳು ಮಗಳು. ಹೆಸರು ಪತ್ರಿಕೆಗೆ ಬೇಡವೆಂದು ತಾಯಿ ಹೇಳಿರುವುದರಿಂದ ಹುಡುಗಿ ಎಂದೇ ಬರೆಯುತ್ತೇವೆ. ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನಾವು ಗೋದಾಮಿನ ಬೀಗ ತೆಗೆಯುತ್ತಿರುವಾಗ ಈಕೆ ಬಂದು, "ದೊಡ್ಡಪ್ಪಾ, ಒಂದು ಸಲ ಕಾಟಾ ಮೇಲೆ ನಿಂತ್ಕೊಳ್ಳಲಾ?" ಎಂದಳು. ಏಕವ್ವ ಎಂದರೆ, "ಬಸ್ ಸ್ಟ್ಯಾಂಡ್ ಅಂಗಡೀದು ದಿನಕ್ಕೊಂದು ತೂಕ ತೋರಿಸ್ತೈತೆ. ನಿಮ್ದಕ್ಕಾದ್ರೆ ಸರ್ಕಾರದ ಮುದ್ರೆ ಐತಲ್ಲ" ಎಂದು ನಕ್ಕಳು. ನಮ್ಮ ಕಾಟಾದ ಪ್ರಾಮಾಣಿಕತೆಗೆ ಯಾವ ಸದಸ್ಯರೂ ಇಂಥ ಯೋಗ್ಯತಾಪತ್ರ ಕೊಟ್ಟಿರಲಿಲ್ಲವಾದ್ದರಿಂದ ನಾವು ಸಂತೋಷದಿಂದಲೇ ಒಪ್ಪಿದೆವು. 51 ಕಿಲೋ 200 ಗ್ರಾಂ ಬಂತು. ಹುಡುಗಿಯ ಮುಖ ಸಪ್ಪಗಾಯಿತು.

ಆಕೆ ಕಲಿಯುತ್ತಿರುವುದು ಟೇಕ್ವಾಂಡೋ. ಕರಾಟೆಯ ಹೆಸರು ಎಲ್ಲರೂ ಕೇಳಿದ್ದೇವೆ. ಅದು ಜಪಾನಿನ ಕಡೆಯದು, ಇದು ಕೊರಿಯಾದ್ದು. ತೇ ಎಂದರೆ ಕಾಲು, ಕ್ವೋನ್ ಎಂದರೆ ಮುಷ್ಟಿ, ದೋ ಎಂದರೆ ದಾರಿ. ಹೆಸರು ಹಳೆಯದೇನಲ್ಲ, 1955ರಲ್ಲಿ ಇಟ್ಟದ್ದು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದಕ್ಕೆ ಪದಕವೂ ಉಂಟು. ಕೈಗಿಂತ ಕಾಲಿಗೇ ಹೆಚ್ಚು ಕೆಲಸ: ಎದುರಾಳಿಯ ಎದೆಕವಚಕ್ಕೆ ಒದ್ದರೆ ಎರಡು ಅಂಕ, ತಲೆಗೆ ಮುಟ್ಟಿಸಿದರೆ ಮೂರು, ಮೈ ತಿರುಗಿಸಿ ಒದ್ದರೆ ಇನ್ನೂ ಹೆಚ್ಚು.

ಈ ವಿದ್ಯೆ ನಮ್ಮೂರಿಗೆ ಬಂದದ್ದು ಶಾಲೆಯ ಮೂಲಕ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿ ಕೊಡುತ್ತಾರೆ. ನಮ್ಮ ದುರ್ಗದ ಸೀಮೆಯಲ್ಲಿ ಇದಕ್ಕೆ ಝಾನ್ಸಿಯವರೆಗೆ ಹೋಗಬೇಕಾಗಿರಲಿಲ್ಲ, ಓಬವ್ವನ ಒನಕೆಯೇ ಸಾಕಿತ್ತು ಎಂಬುದು ನಮ್ಮ ಅಭಿಪ್ರಾಯ. ಅದಿರಲಿ. ಈಕೆ ಎಂಟನೇ ತರಗತಿಯಲ್ಲಿದ್ದಾಗ ಆ ಮೂರು ತಿಂಗಳು ಮುಗಿದು ಕಲಿಸುವವರು ಹೊರಟುಹೋದರು. ಉಳಿದ ಮಕ್ಕಳು ಮರೆತರು, ಈಕೆ ಮರೆಯಲಿಲ್ಲ.

ಆಕೆಯ ದಿನಚರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಳಿಗ್ಗೆ ಐದಕ್ಕೆ ಎದ್ದು ತೋಟದ ದಾರಿಯಲ್ಲಿ ಓಟ. ಆಮೇಲೆ ಅಡಿಕೆ ಒಣಗಿಸುವ ಸಿಮೆಂಟ್ ಕಣದಲ್ಲಿ ಕಾಲು ಸಡಿಲಿಸುವುದು, ಬಳಿಕ ಒದೆತ. ಕಣದಂಚಿನ ಹುಣಸೆ ಕೊಂಬೆಗೆ ಗೋಣಿಚೀಲವೊಂದನ್ನು ನೇತುಹಾಕಿದ್ದಾಳೆ. ಒಳಗೆ ತುಂಬಿರುವುದು ಒಣ ಅಡಿಕೆ ಸಿಪ್ಪೆ. ಸಿಪ್ಪೆಯನ್ನು ಬುಡಕ್ಕೆ ಹಾಕಬೇಕೋ ಗೊಬ್ಬರ ಮಾಡಬೇಕೋ ಎಂದು ನಾವು ಸಭೆಗಳಲ್ಲಿ ವಾದಿಸುತ್ತಲೇ ಇದ್ದೇವೆ. ಈ ಉಪಯೋಗ ಯಾರಿಗೂ ಹೊಳೆದಿರಲಿಲ್ಲ. ಒಂದೊಂದು ಕಾಲಿಗೆ ನೂರು ಒದೆತ, ಎಣಿಕೆಯೆಲ್ಲ ಕೊರಿಯಾ ಭಾಷೆಯಲ್ಲಿ: ಹನ, ದುಲ್, ಸೆತ್, ನೆತ್. ಒದೆಯುವಾಗ ಹೊಟ್ಟೆಯಿಂದ ಒಂದು ಕೂಗು. ಮೊದಲ ದಿನ ಈ ಕೂಗು ಕೇಳಿ ಪಕ್ಕದ ತೋಟದ ಮುದುಕರು ತೋಟಕ್ಕೆ ಹಂದಿ ನುಗ್ಗಿತೆಂದು ದೊಣ್ಣೆ ಹಿಡಿದು ಬಂದಿದ್ದರು. ಈಗ ಅವರೂ ಅದನ್ನು ಕೇಳಿಯೇ ಎದ್ದು ಮೋಟಾರ್ ಹಾಕುತ್ತಾರೆ.

ಏಳೂವರೆಗೆ ಸ್ನಾನ, ತಿಂಡಿ, ಹೊಳಲ್ಕೆರೆ ಬಸ್ಸು, ಕಾಲೇಜು. ವಾರದಲ್ಲಿ ಎರಡು ಸಂಜೆ ಅಲ್ಲೇ ಉಳಿದು ಅಭ್ಯಾಸ, ಭಾನುವಾರ ಚಿತ್ರದುರ್ಗಕ್ಕೆ. ಸಂಜೆಯ ಬಸ್ಸು ತಡವಾದ ದಿನ ತಂದೆ ಟೀವೀಎಸ್ ನಿಲ್ಲಿಸಿಕೊಂಡು ಕಾಯುತ್ತಾರೆ. ಬಿಳಿ ಪಟ್ಟಿಯಿಂದ ಶುರುಮಾಡಿ ಹಳದಿ, ಹಸಿರು, ನೀಲಿ ದಾಟಿ ಈಗ ಕೆಂಪು ಪಟ್ಟಿಗೆ ಬಂದಿದ್ದಾಳೆ, ಮುಂದಿನದು ಕಪ್ಪು. ಕೊಯ್ಲು ಶುರುವಾದರೆ ಮಾತ್ರ ಕಣ ಆಕೆಯದಲ್ಲ. ಬೇಯಿಸಿದ ಅಡಿಕೆ ಹರವಿದ ಮೇಲೆ ಅಲ್ಲಿ ಕಾಲಿಡಲು ಅಜ್ಜಿ ಬಿಡುವುದಿಲ್ಲ. ಆಗ ರಸ್ತೆಯೇ ಗತಿ.

ಕಾಟಾದ ಮಾತಿಗೆ ಬರೋಣ. ಈ ಆಟದಲ್ಲಿ ತೂಕಕ್ಕೆ ತಕ್ಕಂತೆ ಜೋಡಿ ಮಾಡುತ್ತಾರೆ. 15ರಿಂದ 17ರ ವಯಸ್ಸಿನ ಹುಡುಗಿಯರಿಗೆ 46, 49, 52, 55 ಕಿಲೋ ಹೀಗೆ ಗಡಿಗಳಿವೆ. ಜಿಲ್ಲೆಯ ಆಯ್ಕೆ ಒಂದು ತಿಂಗಳಿತ್ತು. 49ರ ಒಳಗೆ ಬಂದರೆ ತನಗಿಂತ ಸಣ್ಣವರೊಡನೆ ಆಡಬಹುದು, ಪದಕ ಸುಲಭ ಎಂದು ಯಾರೋ ಆಕೆಯ ತಲೆಗೆ ತುಂಬಿದ್ದರು. ಆಕೆ ದಿನಾ ಬಂದು ನಿಲ್ಲತೊಡಗಿದಳು. ನಾವು ಅಡಿಕೆ ಆವಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಆಕೆಯ ತೂಕ ಬರೆದಿಡುತ್ತಿದ್ದೆವು. 50 ಕಿಲೋ 700. 50 ಕಿಲೋ 300. ಇಳಿದ ದಿನವೆಲ್ಲ ನಾವು "ಭೇಷ್!" ಎಂದೆವು. ಮುಚ್ಚಿಟ್ಟು ಏನು ಪ್ರಯೋಜನ? ಹಾಗೆ ಎಂದವರು ನಾವೇ.

ರಾತ್ರಿಯ ಮುದ್ದೆ ನಿಂತಿತ್ತು. ತಾಯಿ ಕೇಳಿದರೆ ಕಾಲೇಜಿನಲ್ಲಿ ತಿಂದೆನೆಂಬ ಉತ್ತರ. ಹಿಂದಿನ ಸಂಜೆಯಿಂದ ನೀರನ್ನೂ ಕುಡಿಯದೆ, ಬಿಸಿಲಲ್ಲಿ ಸ್ವೆಟರ್ ತೊಟ್ಟು ಓಡಿ ಬರುತ್ತಿದ್ದಳೆಂದು ನಮಗೆ ಆಮೇಲೆ ತಿಳಿಯಿತು. ಒಂದು ಬೆಳಿಗ್ಗೆ 49 ಕಿಲೋ 400 ಎಂದು ನಾವು ಓದುತ್ತಿರುವಾಗಲೇ ಕಾಟಾದಿಂದ ಇಳಿದು ಅಡಿಕೆ ಚೀಲದ ಮೇಲೆ ಕುಳಿತಳು. ಕುಳಿತವಳು ಏಳಲಿಲ್ಲ. ಹಮಾಲಿಯವರು ನೀರು ತಂದು ಮುಖಕ್ಕೆ ಹಾಕಿದರು.

ಹಸಿ ಅಡಿಕೆಯ ತೂಕದಲ್ಲಿ ಎಷ್ಟು ನೀರು, ಎಷ್ಟು ಸಿಪ್ಪೆ, ಎಷ್ಟು ಗಟ್ಟಿ ಎಂದು ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಮನುಷ್ಯರ ತೂಕ ಒಂದೆರಡು ದಿನದಲ್ಲಿ ಇಳಿದರೆ ಇಳಿದದ್ದು ಬಹುಪಾಲು ನೀರೇ. ನೀರಿಳಿದರೆ ರಕ್ತ ಮಂದವಾಗುತ್ತದೆ, ಹೃದಯಕ್ಕೆ ದುಡಿತ ಹೆಚ್ಚುತ್ತದೆ, ಬೆವರು ನಿಂತು ಮೈ ಕಾಯುತ್ತದೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಹೀಗೆ ತೂಕ ಇಳಿಸಲು ಹೋಗಿ ಎರಡೇ ತಿಂಗಳೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆ ಮೇಲೆ ಅಲ್ಲಿ ನಿಯಮಗಳನ್ನೇ ಬದಲಾಯಿಸಿದರು. ನಮ್ಮ ದೇಶದ ವಿನೇಶ್ ಫೋಗಟ್ 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಫೈನಲ್ ತಲುಪಿಯೂ, 50 ಕಿಲೋಗೆ 100 ಗ್ರಾಂ ಹೆಚ್ಚಾಯಿತೆಂದು ಹೊರಬಿದ್ದದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೇವೆ. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ಆ 100 ಗ್ರಾಂ ಇಳಿಯಲಿಲ್ಲ. ಆಕೆಯಾದರೂ ವೈದ್ಯರನ್ನು ಜೊತೆಗಿಟ್ಟುಕೊಂಡಿದ್ದ ಪ್ರೌಢ ಮಹಿಳೆ. ನಮ್ಮ ಹುಡುಗಿ ಇನ್ನೂ ಬೆಳೆಯುತ್ತಿರುವ ಮಗು.

ಸರ್ಕಾರಿ ವೈದ್ಯರು ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಈ ವಯಸ್ಸಿನಲ್ಲಿ ತೂಕ ಏರಬೇಕೇ ಹೊರತು ಇಳಿಯಬಾರದು ಎಂದರು. ತಂದೆಗೆ ಸಿಟ್ಟು ಬಂದು ಆಟವೇ ಬೇಡ, ಕೊಯ್ಲಿಗೆ ಕೈಯಾಗಲಿ ಎಂದುಬಿಟ್ಟರು. ಸುಲಿಯುವ ಹೆಂಗಸರೂ ಇದಕ್ಕೆ ತಲೆದೂಗಿದರು. ಎರಡು ವಾರ ಗೋಣಿಚೀಲ ಸುಮ್ಮನೆ ತೂಗಾಡಿತು. ನಾವು ಒಂದು ಸಂಜೆ ಅವರ ಮನೆಗೆ ಹೋದೆವು. ತಪ್ಪು ಒಪ್ಪಿಕೊಳ್ಳಲು ಹೋದದ್ದು. ಬುದ್ಧಿ ಹೇಳಲು ಹೋದದ್ದಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಜ್ಜಿಯೇ, "ತೂಕ ಇಳಿಸದಿದ್ರೆ ಆಡಾಕೆ ಬಿಡಾಕಿಲ್ವಾ?" ಎಂದು ಕೇಳಿದರು.

"ಬಿಡ್ತಾರಜ್ಜಿ, 52ರಾಗೆ ಆಡ್ಬೌದು. ಅಲ್ಲಿ ಹುಡುಗೀರು ಎತ್ತರ."

"ಎತ್ತರ ಇದ್ರೆ ಏನಾತು? ಹೊಟ್ಟೆ ತುಂಬ ಉಂಡು ಹೋಗು."

ಇಷ್ಟೇ ಆದದ್ದು. ತಂದೆ ಎದ್ದು ದನಗಳಿಗೆ ಹುಲ್ಲು ಹಾಕಲು ಹೋದರು, ಬೇಡವೆನ್ನಲಿಲ್ಲ. ಹುಡುಗಿ 52 ಕಿಲೋ ವಿಭಾಗದಲ್ಲಿ ಆಡಿ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತಳು. ಎದುರಾಳಿಯ ಕಾಲು ಉದ್ದ. ಎರಡು ಸಲ ತಲೆಗೆ ಮುಟ್ಟಿಸಿದಳಂತೆ. ರಾಜ್ಯಮಟ್ಟ ಕೈತಪ್ಪಿತು. ಮರುದಿನ ಬೆಳಿಗ್ಗೆ ಐದೂವರೆಗೆ ಕೂಗು ಮತ್ತೆ ಕೇಳಿಸಿತು.

ಈಗ ಆಕೆ ಕಾಟಾದ ಮೇಲೆ ನಿಲ್ಲುವುದು ತಿಂಗಳಿಗೊಮ್ಮೆ, ಅದೂ ತಿಂಡಿ ತಿಂದಾದ ಮೇಲೆ. ಹಿಂದಿನ ಹಾಳೆಯಲ್ಲಿ ಕೊನೆಯ ತೂಕ 52 ಕಿಲೋ 600. ಬರುವ ವರ್ಷ 55ರ ವಿಭಾಗ ಎಂದು ಆಕೆಯೇ ಬರೆದುಕೊಂಡಿದ್ದಾಳೆ. ಊರಿನ ಇನ್ನೂ ನಾಲ್ಕು ಹುಡುಗಿಯರು, ಇಬ್ಬರು ಹುಡುಗರು ಆಕೆಯಿಂದ ಕಲಿಯಲು ಬರುತ್ತಿದ್ದು ಕಣ ಸಾಲದಾಗಿದೆ. ಯುಗಾದಿಯಿಂದ ಶ್ರಾವಣದವರೆಗೆ ನಮ್ಮ ಗೋದಾಮಿನ ಹಿಂದಿನ ಅಂಕಣ ಖಾಲಿ ಇರುತ್ತದೆ. ಅದನ್ನು ಬೆಳಿಗ್ಗೆ ಎರಡು ಗಂಟೆ ಈ ಮಕ್ಕಳಿಗೆ ಬಿಟ್ಟುಕೊಡುವ ವಿಷಯವನ್ನು ಮುಂದಿನ ಆಡಳಿತ ಮಂಡಳಿಯ ಸಭೆಗೆ ಇಟ್ಟಿದ್ದೇವೆ. ಆಕ್ಷೇಪಣೆ ಇರುವ ಸದಸ್ಯರು ಬರಹದಲ್ಲಿ ತಿಳಿಸಬಹುದು. ಹಳೆಯ ಗೋಣಿಚೀಲವಿದ್ದವರು ಕೊಟ್ಟರೆ ಬೇಡವೆನ್ನುವುದಿಲ್ಲ. ಸಿಪ್ಪೆ ನಮ್ಮಲ್ಲಿ ಬೇಕಾದಷ್ಟಿದೆ.