ಅಗೆಯುವ ಬಲ ಹೋಗುವುದೆಲ್ಲಿಗೆ?

ಮಿನಿ ಟ್ರ್ಯಾಕ್ಟರ್ ಕೊಂಡವರಿಗೆ ವರ್ಷ ಕಳೆಯುವುದರೊಳಗೆ ಅದರ ಹಿಂದೊಂದು ಅಗೆಯುವ ತೋಳಿದ್ದರೆ ಎನ್ನಿಸತೊಡಗುತ್ತದೆ. ಅಡಿಕೆ ತೋಟದ ಬಸಿಗಾಲುವೆಗೆ ಜೆಸಿಬಿ ಕರೆಸಿದರೆ ಗಂಟೆಗಿಷ್ಟೆಂದು ಬಾಡಿಗೆ. ಸಾಲದ್ದಕ್ಕೆ ಅದು ಮರಗಳ ನಡುವೆ ನುಗ್ಗುವುದೂ ಕಷ್ಟ. ಆ ಅಗೆಯುವ ತೋಳು, ಅಂದರೆ ಬ್ಯಾಕ್‌ಹೋ, ಹೊಸದಾದರೆ ದುಬಾರಿ, ಹಾಗಾಗಿ ಹಳೆಯದರ ಹುಡುಕಾಟ. ನೋಡಲು ಹೋದವರ ಕಣ್ಣು ಮೊದಲು ಬಕೆಟ್ಟಿನ ಹಲ್ಲಿನ ಮೇಲೆ ಬೀಳುತ್ತದೆ. ಸವೆದ ಹಲ್ಲನ್ನು ಬದಲಿಸಬಹುದು. ನಾನಾದರೆ ಮೊದಲು ಇನ್ನೊಂದು ತುದಿಗೆ ಹೋಗಿ, ಅದು ಟ್ರ್ಯಾಕ್ಟರಿಗೆ ಕೂರುವ ಜಾಗವನ್ನು ನೋಡುತ್ತೇನೆ.

ಕಾರಣ ಸರಳ ಲೆಕ್ಕದಲ್ಲಿದೆ. ತೋಳನ್ನು ಆಡಿಸುವ 63 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ 150 ಬಾರ್ ಒತ್ತಡದಲ್ಲಿ ಎಣ್ಣೆ ನುಗ್ಗಿದರೆ ರಾಡು ಸುಮಾರು 4,700 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಬಕೆಟ್ಟಿನ ತುದಿಗೆ ತಲುಪುವಾಗ ಇದು ಸಾಕಷ್ಟು ತಗ್ಗಿರುತ್ತದೆ, ನಿಜ. ಆದರೂ ಮಣ್ಣನ್ನು ಎಳೆದಷ್ಟೇ ಬಲದಿಂದ ಮಣ್ಣು ಯಂತ್ರವನ್ನು ಎಳೆಯುತ್ತದೆ. ಅದನ್ನು ತಡೆದುಕೊಳ್ಳಬೇಕಾದ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಲಾರಿಯಂತೆ ಚಾಸಿಯೇ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನೆಲುಬಾಗಿರುತ್ತವೆ. ಹೌಸಿಂಗ್ ಹೆಚ್ಚಾಗಿ ಬೀಡುಕಬ್ಬಿಣದ್ದು. ಅದು ಅದುಮುವ ಬಲವನ್ನು ತಾಳುವಷ್ಟು ಎಳೆತವನ್ನು ತಾಳದು; ಸುಮಾರು ಮೂರನೇ ಅಥವಾ ನಾಲ್ಕನೇ ಒಂದು ಪಾಲನ್ನಷ್ಟೇ ತಾಳುತ್ತದೆ. ಬಾಗುವ ಬದಲು ಬಿರಿಯುತ್ತದೆ. ಆದ್ದರಿಂದಲೇ ಒಳ್ಳೆಯ ಬ್ಯಾಕ್‌ಹೋಗಳಿಗೆ ಸಬ್‌ಫ್ರೇಮ್ ಇರುತ್ತದೆ. ಅದು ಟ್ರ್ಯಾಕ್ಟರಿನ ಹೊಟ್ಟೆಯಡಿ ಮುಂದಕ್ಕೆ ಚಾಚಿ, ಬಲವನ್ನು ಗೇರ್‌ಬಾಕ್ಸಿನ ಒಂದೇ ಕಡೆ ಬೀಳಗೊಡದೆ ಹಂಚುತ್ತದೆ. ಈ ಚೌಕಟ್ಟು ಒಂದೊಂದು ಮಾದರಿಗೂ ಬೇರೆ. ಮಾರುವವರು ‘ಫ್ರೇಮ್ ಇಲ್ಲ, ಮಾಡಿಸಿಕೊಳ್ಳಿ’ ಎಂದರೆ ಉಳಿತಾಯ ಅಲ್ಲೇ ಕರಗಬಹುದು.

ನೇಗಿಲಿನಂತೆ ತ್ರೀ-ಪಾಯಿಂಟ್ ಲಿಂಕಿಗೆ ಸಿಕ್ಕಿಸುವವೂ ಸಿಗುತ್ತವೆ, ಅಗ್ಗಕ್ಕೇ. ಸಾಮಾನ್ಯವಾಗಿ ಆ ಲಿಂಕಿನ ತೋಳುಗಳು ಎತ್ತಬಲ್ಲವು, ಕೆಳಕ್ಕೆ ಒತ್ತಲಾರವು. ಬಕೆಟ್ಟನ್ನು ನೆಲಕ್ಕೆ ಒತ್ತಿದಾಗ ಬ್ಯಾಕ್‌ಹೋ ತಾನೇ ಮೇಲೆದ್ದು ಮಡಚಿಕೊಂಡರೆ, ಸೀಟಿನಲ್ಲಿ ಕೂತವರು ಅದಕ್ಕೂ ಟ್ರ್ಯಾಕ್ಟರಿಗೂ ನಡುವೆ ಸಿಕ್ಕಿಬೀಳುತ್ತಾರೆ. ಇದರಲ್ಲಿ ಚೌಕಾಸಿ ಬೇಡ.

ಟ್ರ್ಯಾಕ್ಟರಿನ ಅಶ್ವಶಕ್ತಿಗಿಂತ ಪಂಪಿನ ಅಂಕಿ ಕೇಳಿ. ನಿಮಿಷಕ್ಕೆ 20 ಲೀಟರ್, 150 ಬಾರ್ ಎಂದರೆ ಸಿಗುವುದು 5 ಕಿಲೋವ್ಯಾಟ್, ಏಳು ಅಶ್ವಶಕ್ತಿಗೂ ಕಡಿಮೆ. ಒತ್ತಡ ಬಲವನ್ನು ಕೊಡುತ್ತದೆ, ಹರಿವು ವೇಗವನ್ನು. ಹರಿವು ಕಮ್ಮಿಯಾದರೆ ತೋಳು ನಿಧಾನ, ಅಷ್ಟೆ. ತಾಳ್ಮೆ ಇದ್ದವರಿಗೆ ಅದು ದೋಷವಲ್ಲ.

ಇನ್ನು ಸವೆತ. ತೋಳನ್ನು ಪೂರ್ತಿ ಚಾಚಿ, ಬಕೆಟ್ ಹಿಡಿದು ಅಲ್ಲಾಡಿಸಿ. ಬುಡದಲ್ಲಿ 30 ಸೆಂ.ಮೀ. ಅಂತರದ ಎರಡು ಪಿನ್ನುಗಳ ನಡುವೆ 1 ಮಿ.ಮೀ. ಆಟವಿದ್ದರೆ, ಮೂರು ಮೀಟರ್ ಆಚೆಯ ತುದಿಯಲ್ಲಿ ಅದು 10 ಮಿ.ಮೀ. ಆಗಿರುತ್ತದೆ. ಬುಶ್ ಸವೆದಿದ್ದರೆ ಹೊಸದು ಹಾಕಬಹುದು. ರಂಧ್ರವೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೋರಿಂಗ್ ಮಾಡಿಸಬೇಕು, ಖರ್ಚಿನ ಬಾಬತ್ತು. ರಾಡಿನ ಕ್ರೋಮ್ ಮೇಲೆ ಬೆರಳಾಡಿಸಿ. ಉಗುರಿಗೆ ಗುಳಿ ತಾಗಿದರೆ ಹೊಸ ಸೀಲೂ ಬೇಗ ಹರಿಯುತ್ತದೆ. ಬೂಮ್ (ತೋಳಿನ ಬುಡದ ಭಾಗ) ಎತ್ತಿ ಎಂಜಿನ್ ಆರಿಸಿ, ದೂರ ನಿಂತು ಹತ್ತು ನಿಮಿಷ ನೋಡಿ. ಕಣ್ಣೆದುರೇ ಇಳಿಯುತ್ತಿದ್ದರೆ ಎಣ್ಣೆ ಸೀಲಿನಲ್ಲೋ ವಾಲ್ವಿನಲ್ಲೋ ಜಾರುತ್ತಿದೆ. ಹೋಸ್ ಪೈಪಿನ ಸೋರಿಕೆಯನ್ನು ಮಾತ್ರ ಕೈಯಿಂದ ತಡವಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಸೀಲು, ಹೋಸು, ಹಲ್ಲು ಇವೆಲ್ಲ ಬೆಲೆ ಇಳಿಸಲು ಒಳ್ಳೆಯ ನೆಪಗಳು. ಬೂಮಿನ ಬುಡದಲ್ಲಿ ಹೊಸ ಬಣ್ಣದಡಿ ಹಳೆಯ ವೆಲ್ಡಿಂಗಿನ ಗಂಟು ಕಂಡರೆ ಬೆಲೆ ಕೇಳದೆ ಮನೆಗೆ ಬನ್ನಿ.